ಮುಹೂರ್ತಕ್ಕೆ ಊಟದ ಮನೆಯ ದನಿ

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಕಾಕಾರ ಬೀಳ್ಕೊಡುಗೆ ನಡೆಯಿತು. ಒಬ್ಬೊಬ್ಬರೂ ಎದ್ದು ಅವರ ಬಗ್ಗೆ ಎರಡು ಒಳ್ಳೆಯ ಮಾತು ಆಡಬೇಕೆಂದು ಏರ್ಪಾಡು. ನನ್ನ ಸರದಿ ಬಂದಾಗ ಗಂಭೀರವಾಗಿ ಎದ್ದೆ, ಗಂಟಲು ಸರಿಮಾಡಿಕೊಂಡೆ, "ಕಾಕಾ ನನಗೆ ಕೆಲಸ ಕಲಿಸಿದವರು" ಎಂದೆ. ಎದುರಿಗೆ ಚೆಂಡುಹೂವಿನ ಹಾರದೊಳಗಿಂದ ಮೂಗು ಮಾತ್ರ ಹೊರಗೆ ಹಾಕಿಕೊಂಡು ಅವರು ಕೂತಿದ್ದರು. ನೋಡಿದ್ದೇ ತಡ, ಒಳಗಿಂದ ನಗು ಉಕ್ಕಿ ಬಂತು ನೋಡಿ! ತಡೆದೆ, ಕೆಮ್ಮಿದೆ, ಕೆನ್ನೆ ಕಚ್ಚಿಕೊಂಡೆ, ಊಹೂಂ. ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಕಣ್ಣೀರು ಕಂಡು, ಪಾಪ, ಅಳುತ್ತಿದ್ದೇನೆ ಅಂದುಕೊಂಡು ತನ್ನ ಕರವಸ್ತ್ರ ಕೊಟ್ಟಳು. ಈ ಮನುಷ್ಯನ ಪುರಾಣ ಅವಳಿಗೇನು ಗೊತ್ತು?

ಅಂದು ಆಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಬರೆಯಲೇ ಎಂದು ಕೇಳಿದ್ದಕ್ಕೆ ಕಾಕಾ, "ಬರಿಯವ್ವಾ, ಆದ್ರ ಹೆಸರು ಹಾಕಬ್ಯಾಡ. ಮಂದಿ ಫೋನ್ ಮಾಡಿ ತಲಿ ತಿಂತಾರ" ಎಂದರು. ಹೆಸರು ಯಾರಿಗೆ ಬೇಕು? ಆಫೀಸಿನ ತೆಲುಗರು, ಹಿಂದಿಯವರು, ಚಹಾ ತರುವವರು, ಎಲ್ಲರಿಗೂ ಅವರು ಕಾಕಾ.

ನಾನು ಆ ಆಫೀಸಿಗೆ ಸೇರಿದ್ದೇ ಒಂದು ತಮಾಷೆ. ಅಪ್ಪ ರಾಯಚೂರಿನವರು, ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲೇ ಬೇರೂರಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ, ಹೀಗೆ ಬೆಳೆದವಳು ನಾನು. ಆಗ ಐಟಿಯ ಭರಾಟೆ ಹೇಗಿತ್ತೆಂದರೆ, ಎಂಜಿನಿಯರಿಂಗ್ ಮುಗಿಸಿದವರನ್ನು ಬಸ್ ಸ್ಟಾಪಿನಲ್ಲೇ ಹಿಡಿದು ಕೆಲಸ ಕೊಡುತ್ತಾರೆ ಅಂತ ಸುದ್ದಿ. ನನ್ನನ್ನು ಮಾತ್ರ ಯಾರೂ ಹಿಡಿಯಲಿಲ್ಲ. ಕೊನೆಗೆ ಕೂಕಟ್‌ಪಲ್ಲಿಯಲ್ಲಿ ಒಂದು ಕಂಪನಿ "ಪ್ರೋಗ್ರಾಮರ್ ಬೇಕು" ಎಂದಿತ್ತು. ಹೋದೆ. ಕೆಳಗೆ ಸೀರೆ ಅಂಗಡಿ, ನಡುವೆ ಜಾವಾ ಕೋಚಿಂಗ್, ಮೇಲೆ ನಮ್ಮ ಕಂಪನಿ. ಒಳಗೆ ಕಾಲಿಟ್ಟರೆ ಗೋಡೆ ತುಂಬ ಮದುಮಕ್ಕಳು! ಮದುವೆ ವಿಡಿಯೊ ಮಾಡುವ ಕಂಪನಿ ಅದು. ಅಪ್ಪನಿಗೆ ಒಂದು ವರ್ಷ "ಮೀಡಿಯಾ ಸಾಫ್ಟ್‌ವೇರ್" ಅಂತ ಹೇಳಿಕೊಂಡು ಓಡಾಡಿದೆ.

ಆದರೆ ಸುಳ್ಳೇನೂ ಅಲ್ಲ. ನೆಂಟರಲ್ಲಿ ಅರ್ಧ ಜನ ಹೊರದೇಶದಲ್ಲಿದ್ದ ಕಾಲ. ಮದುವೆಗೆ ಬರಲಾಗದವರಿಗೆ ಮದುವೆಯನ್ನೇ ಕಳಿಸಬೇಕು. ಹಾಗಾಗಿ ಆರು ಕ್ಯಾಮೆರಾಗಳು ಆರು ಕಡೆಯಿಂದ ಒಂದೇ ಮದುವೆಯನ್ನು ನೋಡುತ್ತಿದ್ದವು. ಪ್ರತಿಯೊಂದಕ್ಕೂ ತನ್ನದೇ ಮೈಕು. ಪರದೆಯ ಮೇಲೆ ಕಾಣುವುದು ದೂರದ ಕ್ಯಾಮೆರಾದ ಮಂಟಪವಾದರೂ ಕೇಳುವ ಮಂತ್ರ ಪುರೋಹಿತರ ಎದುರಿನ ಕ್ಯಾಮೆರಾದ್ದಾಗಿರಬೇಕು. ಚಿತ್ರ ಒಬ್ಬರದು, ದನಿ ಇನ್ನೊಬ್ಬರದು. ಇದನ್ನು ಒಂದೊಂದೇ ತುಂಡಿಗೆ ಮೌಸ್ ಹಿಡಿದು ಮಾಡುತ್ತ ಕೂತರೆ ಮದುಮಕ್ಕಳಿಗೆ ಮಗುವಾಗುವ ಹೊತ್ತಿಗೆ ವಿಡಿಯೊ ಮುಗಿಯುತ್ತದೆ. ಅದಕ್ಕೇ ಇಡೀ ಎಡಿಟಿಂಗ್ ಪ್ರಾಜೆಕ್ಟನ್ನು ಮಾರ್ಕಪ್ ಎಂಬ ಬರಹವಾಗಿ ಹೊರಗೆ ತೆಗೆದು, ತಿದ್ದಿ, ಮತ್ತೆ ಒಳಗೆ ಕಳಿಸುತ್ತಿದ್ದೆವು. ಬರಹ ಅಂದರೆ ಬರಹವೇ, ಮೊನಚು ಕಂಸಗಳ ನಡುವೆ ಒಂದೊಂದು ಸಾಲು. ಈ ಕ್ಯಾಮೆರಾದಿಂದ ಚಿತ್ರ ಮಾತ್ರ, ಆ ಕ್ಯಾಮೆರಾದಿಂದ ಆಡಿಯೊ ಮಾತ್ರ, ಇನ್ನೊಂದರಿಂದ ಎರಡೂ, ಮತ್ತೊಂದರಿಂದ ಯಾವುದೂ ಬೇಡ. ಪಕ್ಕದಲ್ಲಿ ದನಿ ಎಷ್ಟು ತಗ್ಗಬೇಕು, ಎಷ್ಟು ಏರಬೇಕು ಎಂಬ ಅಂಕಿ. ಆ ಸಾಲುಗಳನ್ನು ತಾನಾಗಿ ಬರೆಯುವ ಪ್ರೋಗ್ರಾಂ ಮಾಡುವುದು ನನ್ನ ಕೆಲಸ. ಯಾವ ಸಾಲಿನಲ್ಲಿ ಏನಿರಬೇಕೆಂದು ತೀರ್ಮಾನಿಸುವುದು ಕಾಕಾರ ಕೆಲಸ.

ಮೊದಲ ದಿನ ಅವರನ್ನು ನೋಡಿದಾಗ ಈ ಮನುಷ್ಯನಿಗೆ ಹುಷಾರಿಲ್ಲ ಅಂದುಕೊಂಡೆ. ನಲವತ್ತೈದು ದಾಟಿದ ಎತ್ತರದ ಆಳು, ಕಿವಿಗೆ ದೊಡ್ಡ ಹೆಡ್‌ಫೋನು, ಕಣ್ಣು ಮುಚ್ಚಿ ಕೂತಿದ್ದಾರೆ, ಎದುರಿನ ಕಂಪ್ಯೂಟರ್ ಪರದೆಯ ಮೇಲೆ ಒಂದು ಟರ್ಕಿ ಟವೆಲ್ ಹೊದಿಸಿದ್ದಾರೆ. ಸ್ನಾನಕ್ಕೆ ಹೋಗುವವರು ದಾರಿ ತಪ್ಪಿ ಬಂದು ಕೂತ ಹಾಗೆ.

"ಟವೆಲ್ ಯಾಕ್ರಿ ಕಾಕಾ?" ಅಂದೆ.

"ಚಿತ್ರ ಕಂಡ್ರ ಕಿವಿ ಕೆಲಸ ಬಿಟ್ಟುಬಿಡತೈತಿ ತಂಗಿ. ಮಂದಿ ಕ್ಯಾಮೆರಾ ಕಂಡಕೂಡ್ಲೆ ಮಾರಿ ಸರಿಮಾಡ್ಕೋತಾರ. ದನಿ ಸರಿಮಾಡ್ಕೊಳ್ಳೂದು ಮಾತ್ರ ಯಾರಿಗೂ ನೆನಪಿರಂಗಿಲ್ಲ. ಅಲ್ಲೇ ಖರೇ ಮನಿಷಾ ಸಿಗೂದು."

ಅವರ ಅಪ್ಪ ಇದೇ ಊರಿನ ಕುಷಾಯಿಗೂಡದ ಬಳಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದವರು, ಕಲಬುರಗಿ ಕಡೆಯಿಂದ ಬಂದವರು. ಮನೆಯಲ್ಲಿ ಆಟಿಕೆಯ ಬದಲು ಸ್ಪೀಕರ್, ವೈರು, ಬೆಸುಗೆ ಕಡ್ಡಿ. ಕಾಕಾ ಬೆಳೆದದ್ದು ಅದರಲ್ಲೇ. ಅಪ್ಪ ಹೋಗಿ ಬಹಳ ವರ್ಷವಾಗಿತ್ತು, ಅವ್ವ ನಾನು ಸೇರುವ ಸ್ವಲ್ಪ ಮುಂಚೆ ತೀರಿಕೊಂಡಿದ್ದರು. ಕುಷಾಯಿಗೂಡದ ಮನೆಯಲ್ಲಿ ಕಾಕಾ ಒಬ್ಬರೇ. ಬೆಳಿಗ್ಗೆ ಬಾಗಿಲು ಹಾಕುವಾಗ ರೇಡಿಯೊ ಹಚ್ಚಿಟ್ಟು ಬರುತ್ತಿದ್ದರು. ಕರೆಂಟು ದಂಡವಲ್ಲವೇ ಎಂದರೆ, "ಸಂಜಿಗೆ ಕೀಲಿ ತಗಿಯೂವಾಗ ಒಳಗ ಯಾರರೆ ಮಾತಾಡಾಕತ್ತಿರಬೇಕು ತಂಗಿ" ಎನ್ನುತ್ತಿದ್ದರು. ಹಾಗೆ ಹೇಳಿ ತಾವೇ ಮೊದಲು ನಗುತ್ತಿದ್ದರು.

ಮದುವೆ ಯಾಕಾಗಲಿಲ್ಲ ಅಂತ ಕೇಳದವರಿಲ್ಲ. ದಿನವಿಡೀ ಬೇರೆಯವರ ಮದುವೆಯಲ್ಲಿ ಮುಳುಗಿರುವವರಿಗೆ ಈ ಪ್ರಶ್ನೆ ತಪ್ಪೀತೆ? ಕಾಕಾರ ಉತ್ತರ ಒಂದೇ. "ಹೆಣ್ಣು ನೋಡಾಕ ಹೋಗಿದ್ನ್ಯವ್ವಾ, ಒಂದಲ್ಲ, ಸಾಲ ಸಾಲ. ಉಪ್ಪಿಟ್ಟು ಕೊಡ್ತಾರ, ಹುಡುಗಿ ಚಾ ತಂದಿಟ್ಟು ತಲಿ ಬಗ್ಗಿಸಿ ಕುಂದರತೈತಿ. ನಾ ಏನರೆ ಕೇಳಿದ್ರ ಅವರಪ್ಪ ಉತ್ತರ ಕೊಡ್ತಾನ. ದನೀನ ಕೇಳಿಸಲಾರದ ನಾ ಹೆಂಗ ಹೂಂ ಅನ್ಲಿ? ಆಡಿಯೊ ಬಂದ್ ಮಾಡಿ ಬರೇ ಚಿತ್ರ ತೋರಿಸಿದಂಗ ಆತು." ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವರು ಮಾತ್ರ ಅದನ್ನು ತಮಾಷೆಗೆ ಹೇಳುತ್ತಿರಲಿಲ್ಲ.

ಕ್ಯಾಮೆರಾಗಳಿಗೆ ಹೆಸರಿಡುವುದರಲ್ಲೂ ಅವರದೇ ದಾರಿ. ಕಂಪನಿಯ ನಿಯಮದ ಪ್ರಕಾರ ಒಂದು, ಎರಡು, ಮೂರು ಅಂತಿರಬೇಕು. ಕಾಕಾ ಮಾರ್ಕಪ್ಪಿನಲ್ಲಿ ಪುರೋಹಿತ, ಹೆಣ್ಣಿನವರು, ಗಂಡಿನವರು, ಗರುಡ, ತಿರುಬೋಕಿ, ಹೊಟ್ಟಿ ಎಂದು ಬರೆಯುತ್ತಿದ್ದರು. ಕ್ರೇನಿನ ಮೇಲಿನದು ಗರುಡ. ಹೆಗಲ ಮೇಲೆ ಹೊತ್ತು ಸುತ್ತುವುದು ತಿರುಬೋಕಿ. ಊಟದ ಮನೆಯ ಬಾಗಿಲಲ್ಲಿ ನಿಲ್ಲಿಸಿದ್ದು ಹೊಟ್ಟಿ. ಮೊದಲ ಸಲ ಕನ್ನಡ ಅಕ್ಷರ ಕಂಡ ನನ್ನ ಪ್ರೋಗ್ರಾಂ ಬೆಚ್ಚಿಬಿದ್ದು ಕಣ್ಣು ಮೇಲೆ ಮಾಡಿತು. ಸರಿಮಾಡಲು ಎರಡು ದಿನ ಹಿಡಿಯಿತು. "ನಿನ್ನ ಪ್ರೋಗ್ರಾಮಿಗೆ ನಾಕು ಮಂದೀ ಪರಿಚಯ ಆತು ಬಿಡು" ಎಂದು ಸಮಾಧಾನ ಹೇಳಿದರು, ಪುಣ್ಯಾತ್ಮ.

ಕೆಲಸದಲ್ಲಿ ಮಾತ್ರ ಅವರನ್ನು ಅಲ್ಲಾಡಿಸುವವರಿರಲಿಲ್ಲ. ಒಂದು ಮದುವೆಯಲ್ಲಿ ಕನ್ಯಾದಾನದ ಹೊತ್ತಿಗೆ ಬ್ಯಾಂಡಿನವರು ಕಿವಿ ಹರಿಯುವಂತೆ ಬಾರಿಸುತ್ತಿದ್ದರು. ಕಾಕಾ ಬ್ಯಾಂಡನ್ನು ನೆಲಕ್ಕಿಳಿಸಿ, ಹೆಣ್ಣಿನವರ ಕ್ಯಾಮೆರಾದ ದನಿಯನ್ನು ಏರಿಸಿದರು. ಅದರಲ್ಲಿದ್ದದ್ದು ಹುಡುಗಿಯ ಅಪ್ಪ ಮೂಗು ಏರಿಸಿಕೊಂಡ ಸದ್ದು, ಅಷ್ಟೇ. ವಿಡಿಯೊ ನೋಡಿ ಆ ಹುಡುಗಿ ಹೊರದೇಶದಿಂದ ಫೋನ್ ಮಾಡಿ ಗೊಳೋ ಎಂದು ಅತ್ತಳು. ನಮ್ಮ ಬಾಸ್ ಗಾಬರಿಯಾಗಿ ದುಡ್ಡು ವಾಪಸ್ ಕೊಡುತ್ತೇನೆ ಅನ್ನುವುದರಲ್ಲಿದ್ದರು, ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು.

ಹೀಗಿದ್ದ ಮನುಷ್ಯ ಒಂದು ಮಧ್ಯಾಹ್ನ ಹಾಳಾಗಿ ಹೋದರು.

ಶಂಶಾಬಾದಿನ ಒಂದು ಫಂಕ್ಷನ್ ಹಾಲಿನ ಮದುವೆ. ಕಾಕಾ ಟವೆಲ್ ಹೊದಿಸಿ ಹೊಟ್ಟಿ ಕ್ಯಾಮೆರಾದ ದನಿ ಕೇಳುತ್ತಿದ್ದರು. ಸಾಮಾನ್ಯವಾಗಿ ಅದರಲ್ಲಿ ತಟ್ಟೆ ಲೋಟದ ಗದ್ದಲ ಬಿಟ್ಟರೆ ಏನಿರುವುದಿಲ್ಲ, ಎರಡು ನಿಮಿಷ ಓಡಿಸಿ "ಯಾವುದೂ ಬೇಡ" ಎಂದು ಬರೆದು ಮುಂದೆ ಹೋಗುತ್ತಾರೆ. ಅಂದು ಹೋಗಲಿಲ್ಲ. ಅರ್ಧ ಗಂಟೆಯಾಯಿತು. ಮುಖದ ಮೇಲೆ ನಗು ಹರಡುತ್ತಾ ಹೋಯಿತು. ಎದುರಿಗಿಟ್ಟ ಚಹಾ ಆರಿ ಕೆನೆ ಕಟ್ಟಿತು.

"ತಂಗಿ, ಬಾ ಇಲ್ಲಿ" ಎಂದು ಹೆಡ್‌ಫೋನು ನನ್ನ ತಲೆಗೆ ಹಾಕಿದರು.

ತಟ್ಟೆಗಳ ಸದ್ದಿನ ನಡುವಿನಿಂದ ಒಂದು ಹೆಣ್ಣುದನಿ ಎದ್ದು ಬಂತು. ದೊಡ್ಡ ದನಿ. "ಏ ತಮ್ಮಾ! ತುದೀಗೆ ಕುಂತ ಮುತ್ಯಾಗ ಅನ್ನ ಬಿದ್ದಿಲ್ಲ, ಕಣ್ಣು ಎಲ್ಲದಾವು ನಿನ್ನವು? ಫೋಟೋ ಆಮ್ಯಾಲೆ ತಗಸ್ಕೊಳ್ಳೂವಂತಿ, ಮೊದಲ ಬಡಸು!" ಮರುಕ್ಷಣವೇ ಅದೇ ದನಿ ಬೆಣ್ಣೆಯಾಯಿತು. "ಅಣ್ಣಾರ, ಇನ್ನೊಂದು ಹಾಕಿಸ್ಕೋರಿ. ನಾಚ್ಕೋಬ್ಯಾಡ್ರಿ. ಲಗ್ನ ಮಂದೀದಾದ್ರೂ ಹಸಿವು ನಿಮ್ದ ಹೌದಲ್ಲ?"

"ಯಾರೋ ಬಡಿಸೋರಿಗೆ ಬಯ್ಯಾಕತ್ತಾರಲ್ಲ ಕಾಕಾ" ಅಂದೆ.

"ಯಾರೋ ಅನಬ್ಯಾಡ" ಎಂದರು ಕಾಕಾ. "ಇವರ ಅವರು."

"ಇವರ ಅಂದ್ರ?"

"ನಾ ಇಷ್ಟು ವರ್ಷ ಕೇಳಬೇಕಂತಿದ್ದ ದನಿ ಇದ ತಂಗಿ." ನಲವತ್ತೈದು ದಾಟಿದ ಮನುಷ್ಯನ ಕಿವಿ ಕೆಂಪಗಾಗಿತ್ತು.

ಅಯ್ಯೋ ದೇವರೇ! ಆಮೇಲಿನ ಎರಡು ದಿನ ನಮ್ಮ ಆಫೀಸಿನಲ್ಲಿ ನಡೆದದ್ದನ್ನು ಹೇಗೆ ಹೇಳಲಿ? ನಾನು ಸೇರಿದ ಮೇಲೆ ಮೊಟ್ಟಮೊದಲ ಸಲ ಕಾಕಾ ದನಿ ಕೇಳುತ್ತಲೇ ಪರದೆಯ ಮೇಲಿನ ಟವೆಲ್ ತೆಗೆದರು. ಆಕೆಯ ಮುಖ ನೋಡಬೇಕಲ್ಲ! ಆದರೆ ಹೊಟ್ಟಿ ಕ್ಯಾಮೆರಾವನ್ನು ನಿಲ್ಲಿಸಿದ ಮಹಾನುಭಾವ ಅದನ್ನು ಸರಿಯಾಗಿ ಒಂದು ಕಂಬಕ್ಕೆ ಎದುರಾಗಿ ನಿಲ್ಲಿಸಿದ್ದ. ಆಕೆ ಇಡೀ ಮದುವೆ ಆ ಕಂಬದ ಹಿಂದೆ ನಿಂತು ಆಳ್ವಿಕೆ ನಡೆಸಿದ್ದರು. ಆಗೊಮ್ಮೆ ಈಗೊಮ್ಮೆ ಕಂಬದ ಎಡಗಡೆಯಿಂದ ಒಂದು ಸೌಟು ಹೊರಗೆ ಬರುತ್ತಿತ್ತು, ದಿಕ್ಕು ತೋರಿಸಿ ಒಳಗೆ ಹೋಗುತ್ತಿತ್ತು. ಕಾಕಾ ಎರಡು ದಿನ ಗಲ್ಲಕ್ಕೆ ಕೈಹಚ್ಚಿಕೊಂಡು ಆ ಕಂಬವನ್ನು ನೋಡಿದರು. ಸೌಟು ಬಂದಾಗಲೆಲ್ಲ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿದರು. ಇದೇ, ಬೀಳ್ಕೊಡುಗೆಯ ದಿನ ನನಗೆ ನೆನಪಾಗಿ ಮಾನ ಕಳೆದದ್ದು.

ಮದುಮಗಳ ಅಪ್ಪನಿಗೆ ಫೋನ್ ಮಾಡಿ ವಿಚಾರಿಸಿ ಅಂದೆ. ಮಾಡಿದರು. "ನಿಮ್ಮ ಊಟದ ಮನಿಯಾಗ ಒಬ್ಬ ಹೆಣ್ಣುಮಗಳು ದೊಡ್ಡ ದನೀಲೆ..." ಎನ್ನುವಷ್ಟರಲ್ಲಿ ಆ ಕಡೆಯಿಂದ, "ಯಾಕ್ರಿ? ಯಾವ ಹೆಣ್ಣುಮಗಳು? ನಿಮಗ್ಯಾಕ ಬೇಕು?" ಎಂದು ಬಂತು. ಕಾಕಾ ಹೆದರಿ ಫೋನಿಟ್ಟರು. ಧೈರ್ಯದಲ್ಲಿ ನಮ್ಮ ಕಾಕಾ ಅಷ್ಟಕ್ಕಷ್ಟೇ.

ಮೂರನೆಯ ದಿನ ಅವರ ತಲೆಗೊಂದು ಉಪಾಯ ಹೊಳೆಯಿತು. ಅಂಥ ಉಪಾಯ ಆ ಕೆಲಸ ಮಾಡುವವರಿಗೆ ಬಿಟ್ಟು ಲೋಕದಲ್ಲಿ ಇನ್ಯಾರಿಗೂ ಹೊಳೆಯಲಾರದು.

"ತಾಳಿ ಕಟ್ಟೂದೈತಲ್ಲ, ಅಲ್ಲಿ ಪುರೋಹಿತರ ದನಿ ತಗದು ಹೊಟ್ಟಿ ದನಿ ಹಾಕ್ತೀನಿ."

"ಏನಂದ್ರಿ?"

"ಊಟದ ದೃಶ್ಯದಾಗ ಹಾಕಿದ್ರ ಯಾರ ದನಿ ಅಂತ ಯಾರೂ ಕೇಳಂಗಿಲ್ಲ. ಮುಹೂರ್ತಕ್ಕ ಹಾಕಿದ್ರ ಎದ್ದು ಕುಂದರತಾರ. ಫೋನ್ ಮಾಡಿ ಬಯ್ತಾರ, 'ನಮ್ಮ ಲಗ್ನದಾಗ ಆ ಇಂಥಾಕಿ ದನಿ ಯಾಕ ಹಾಕೀರಿ' ಅಂತಾರ. ಆ ಇಂಥಾಕಿ ಅನ್ನೂದೈತಲ್ಲ, ಅದ ನನಗ ಬೇಕು."

"ಕಾಕಾ, ನಿಮಗ ಹುಚ್ಚು ಹಿಡದೈತಿ. ಇಷ್ಟು ವರ್ಷದಾಗ ನಿಮ್ಮ ಮ್ಯಾಲೆ ಒಂದು ದೂರು ಬಂದಿಲ್ಲ. ಬಾಸ್ ಸೀದಾ ಮನಿಗೆ ಕಳಸ್ತಾರ."

"ಕಳಸಲಿ. ಹೋದ್ರ ರೇಡಿಯೊ ಕೇಳ್ಕೋತ ಕುಂದರತೀನಿ. ಅದನ್ನ ಈಗೂ ಮಾಡಾಕತ್ತೀನಲ್ಲ."

ನನ್ನ ಪ್ರೋಗ್ರಾಂ ಹೊಟ್ಟಿ ಕ್ಯಾಮೆರಾದ ಪಕ್ಕ ಶಿಸ್ತಾಗಿ "ಯಾವುದೂ ಬೇಡ" ಅಂತ ಬರೆದಿತ್ತು. ಕಾಕಾ ಮಾರ್ಕಪ್ ತೆರೆದು, ಅದನ್ನು ಅಳಿಸಿ, ಒಂದೇ ಬೆರಳಿನಲ್ಲಿ "ಆಡಿಯೊ" ಎಂದು ಕುಟ್ಟಿದರು. ವಿಡಿಯೊ ಪೆನ್‌ಡ್ರೈವಿನಲ್ಲಿ ಹೋಯಿತು, ಲಿಂಕಿನಲ್ಲೂ ಹೋಯಿತು.

ಕಳಿಸುವ ಮುಂಚೆ ಒಮ್ಮೆ ನೋಡಿದೆವು. ಹುಡುಗ ಮೊದಲ ಗಂಟು ಹಾಕುತ್ತಾನೆ. "ಅಣ್ಣಾರ, ಇನ್ನೊಂದು ಹಾಕಿಸ್ಕೋರಿ." ಎರಡನೆಯ ಗಂಟು. "ನಾಚ್ಕೋಬ್ಯಾಡ್ರಿ." ಮೂರನೆಯ ಗಂಟು ಬಿದ್ದು ಅಕ್ಷತೆ ಸುರಿಯುವಾಗ ಯಾರೋ ಗಂಡಸು ಜೋರಾಗಿ ತೇಗುತ್ತಾನೆ. ನಾನು ಮೇಜಿನ ಕೆಳಗೆ ಹೋಗಿ ಕೂತು ನಕ್ಕೆ.

ಇನ್ನು ಕಾಯುವುದು ಶುರು. ಫೋನ್ ಹೊಡೆದಾಗಲೆಲ್ಲ ಕಾಕಾ ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಕೊನೆಗೂ ಆ ಮನೆಯವರಿಂದ ಕರೆ ಬಂತು. ಹುಡುಗಿಯ ಅಣ್ಣ, ಅಮೆರಿಕದಿಂದ. ಕಾಕಾ ಕಣ್ಣು ಮುಚ್ಚಿ ಬೈಗುಳಕ್ಕೆ ತಲೆಯೊಡ್ಡಿ ನಿಂತರು. "ವಿಡಿಯೊ ಭಾಳ ಚಲೋ ಬಂದೈತ್ರಿ! ಮ್ಯಾಲಿಂದ ತಗದದ್ದಂತೂ ಒಂದನಂಬರ್!" ಎಂದು ಹೊಗಳಿ ಅವನು ಫೋನಿಟ್ಟ. ಆಮೇಲೆ ಮಾವನಂತೆ, ಚಿಕ್ಕಪ್ಪನಂತೆ, ಎಲ್ಲರೂ ಹೊಗಳಿದವರೇ. ಒಬ್ಬರಾದರೂ ದನಿಯ ಸುದ್ದಿ ಎತ್ತಬೇಕಲ್ಲ!

"ಮಂದಿ ಕೇಳೂದ ಇಲ್ಲ ತಂಗಿ" ಎಂದರು ಕಾಕಾ. "ನಾ ಇಷ್ಟು ವರ್ಷ ಯಾರ ಸಲುವಾಗಿ ಕೆಲಸ ಮಾಡಿದ್ನಿ?" ಅಷ್ಟು ಸೋತ ಮುಖವನ್ನು ನಾನು ಅವರಲ್ಲಿ ಹಿಂದೆಂದೂ ಕಂಡಿರಲಿಲ್ಲ. ಟವೆಲ್ ಮತ್ತೆ ಪರದೆ ಏರಿತು.

ಹದಿನೈದು ದಿನ ಕಳೆದಿರಬೇಕು. ಆಫೀಸಿನ ಫೋನು ಹೊಡೆಯಿತು, ಎತ್ತಿದೆ.

"ಹಲೋ!"

ಒಂದೇ ಒಂದು ಹಲೋ. ಆ ದನಿಯನ್ನು ಕಾಕಾ ನನಗೆ ಎಷ್ಟು ಸಲ ಕೇಳಿಸಿದ್ದರೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿಸಿದ್ದರೂ ಗುರುತಿಸುತ್ತಿದ್ದೆ. "ಲಗ್ನದ ವಿಡಿಯೊ ಮಾಡೋರು ನೀವೇನ? ಯಾವ ಶಾಣ್ಯಾ ಅಂವ, ತಾಳಿ ಕಟ್ಟೂ ಹೊತ್ತಿಗೆ ನನ್ನ ದನಿ ಹಾಕಿದಾಂವ? ಅವರ ಮನೀ ಮುತ್ತೈದೆ ಪೂಜಿಗೆ ಅಡಗಿ ಮಾಡಾಕ ಹೋಗಿದ್ನಿ, ಹುಡುಗಿ ಅಜ್ಜಿ ಟಿವಿಯಾಗ ಹಚ್ಚಿ ತೋರಿಸಿದ್ರು. ಅಷ್ಟೂ ಮಂದಿ ಬಿದ್ದ್ ನಗಾಕತ್ತಾರ. ನನ್ನ ಮಾನ ಮರ್ಯಾದಿ ಏನಾಗಬೇಕು?"

ರಿಸೀವರನ್ನು ತೋಳು ಚಾಚಿ ಹಿಡಿದೆ. ಮಾತು ಇಡೀ ಕೋಣೆಗೆ ಕೇಳುತ್ತಿತ್ತು. ಕಾಕಾ ಎದ್ದು ಬಂದು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು, ಪ್ರಸಾದ ಇಸಿದುಕೊಂಡ ಹಾಗೆ. ಕಣ್ಣು ಮುಚ್ಚಿದರು. ಆ ಕಡೆಯಿಂದ ಮಳೆಯಂತೆ ಬೈಗುಳ. ಈ ಕಡೆ ಇವರು, "ಹೌದ್ರಿ... ಖರೇ ಐತ್ರಿ... ತಪ್ಪು ನಂದ್ರಿ... ಮುಂದ ಹೇಳ್ರಿ..." ಎನ್ನುತ್ತ ನಿಂತಿದ್ದಾರೆ, ಮುಖದ ತುಂಬ ದೀಪಾವಳಿ!

"ನಗಾಕತ್ತೀರೇನು?" ಎಂದಿತು ದನಿ. "ತಡೀರಿ, ನಾನ ಬರ್ತೀನಿ."

ಬಂದೇಬಿಟ್ಟರು, ಮರುದಿನ ಹನ್ನೊಂದಕ್ಕೆ. ನಲವತ್ತರ ಆಸುಪಾಸು, ಗಟ್ಟಿ ಕಟ್ಟು, ಸೆರಗು ಸೊಂಟಕ್ಕೆ ಸಿಗಿಸಿದ್ದು. ಸೇಡಂ ಕಡೆಯವರು. ಅಣ್ಣ ಅತ್ತಿಗೆ ಕಟ್ಟಡದ ಕೆಲಸಕ್ಕೆ ಬಂದಾಗ ಅವರ ಜೊತೆ ಬಂದು, ಕೆಲಸಗಾರರಿಗೆ ರೊಟ್ಟಿ ಬಡಿಯುತ್ತ, ಅಲ್ಲಿಂದ ಮದುವೆಗಳಿಗೆ ಅಡುಗೆ, ಬಡಿಸುವವರ ತಂಡ ಕಟ್ಟಿಕೊಂಡವರು. ಇದನ್ನೆಲ್ಲ ಮೆಟ್ಟಿಲು ಹತ್ತಿ ಬಂದ ದಣಿವಿನಲ್ಲೇ, ಯಾರೂ ಕೇಳದೆಯೇ ಹೇಳಿ ಮುಗಿಸಿದರು. ಕೆಳಗಿನ ಜಾವಾ ಕ್ಲಾಸಿನಲ್ಲಿ ಪಾಠ ನಿಂತಿತ್ತು.

ಅಷ್ಟರಲ್ಲಿ, ಗದ್ದಲ ಕೇಳಿ ವಿಡಿಯೊ ಹಚ್ಚಿ ನೋಡಿದ್ದ ಬಾಸ್ ಕೋಣೆಯಿಂದ ಓಡಿಬಂದು ಕಾಕಾರ ಮೇಲೆ ಹರಿಹಾಯ್ದರು. "ಏಂಟಂಡಿ ಇದಿ, ಪೆಳ್ಳಾ, ಹೋಟಲಾ?" ಇದು ಮದುವೆಯೋ ಹೋಟೆಲೋ, ನಾಳೆಯಿಂದ ಬರಬೇಡಿ, ಅಂತ. ಆಕೆ ಬಾಸಿನ ಕಡೆ ತಿರುಗಿದರು. "ತಡೀರಿ ಸಾಹೇಬರ. ನನ್ನ ದನಿ ಹಾಕ್ಯಾರ, ಬಯ್ಯೂ ಪಾಳಿ ನಂದು. ನಂದು ಮುಗದ ಮ್ಯಾಲೆ ನೀವು ಶುರು ಮಾಡ್ರಿ." ಕನ್ನಡ ಬಾರದ ಬಾಸ್ ಪೂರ್ತಿ ಅರ್ಥ ಮಾಡಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಾಕಾ ಕುರ್ಚಿ ಒರೆಸಿದರು, ಅದೇ ಟವೆಲಿನಲ್ಲಿ. ಆಕೆ ಕೂತರು. "ಎಲ್ಲೈತಿ ನನ್ನ ದನಿ? ತಗೀರಿ ಈಗಿಂದೀಗ, ನನ್ನ ಕಣ್ಣೆದುರಿಗೆ" ಎಂದರು.

ಕಾಕಾ ಮಾರ್ಕಪ್ ತೆರೆದು ಬೆರಳಿಟ್ಟು ತೋರಿಸಿದರು. "ಈ ಸಾಲು ನೀವ್ರಿ. ಇಲ್ಲಿ ಆಡಿಯೊ ಅಂತ ಐತಲ್ಲ, ಅದನ್ನ ಅಳಿಸಿ ಯಾವುದೂ ಬ್ಯಾಡ ಅಂತ ಬರದ್ರ ಮುಗೀತ್ರಿ."

"ಒಂದು ಮಾತು ಬರದ್ರ ನಾ ಇಲ್ಲಂಗ ಆತೇನು?"

"ಹೌದ್ರಿ."

ಆಕೆ ಪರದೆಯ ಹತ್ತಿರ ಬಗ್ಗಿ ನೋಡಿದರು. "ಇವೇನು ಎಲ್ಲಾರ ಮುಂದ ನಂಬರು?"

"ಇಡೀ ಲಗ್ನದಾಗ ಯಾರ ದನಿ ಎಷ್ಟು ತಗ್ಗಿಸೀನಿ ಅನ್ನೂದ್ರಿ. ಸ್ವಾಮ್ಯಾರದು ಆರು ಕಮ್ಮಿ. ಬ್ಯಾಂಡಿನವರದು ಹದಿನೆಂಟು ಕಮ್ಮಿ. ಗಂಡಿನವರು ಭಾಳ ಕಿರಚ್ಯಾಡಿದ್ರು, ಅವರದು ಹನ್ನೆರಡು."

"ನನ್ನ ಮುಂದ ಸೊನ್ನೆ ಐತಿ. ನನ್ನದು ಎಷ್ಟು ತಗ್ಗಿಸೀರಿ?"

"ನಿಮ್ಮದು ತಗ್ಗಿಸಿಲ್ಲರಿ" ಎಂದರು ಕಾಕಾ. "ಹೆಂಗೈತಿ ಹಂಗ ಇಟ್ಟೀನಿ."

ಆಕೆ ಆ ಸೊನ್ನೆಯ ಮೇಲೆ ಬೆರಳಿಟ್ಟರು. ಆಮೇಲೆ ಬಂದ ಮಾತು ಎಷ್ಟು ಸಣ್ಣದಾಗಿತ್ತೆಂದರೆ ಬೇರೆ ಯಾರೋ ಆಡಿದ ಹಾಗಿತ್ತು. "ಹುಟ್ಟಿದಾಗಿಂದ ಎಲ್ಲಾರೂ ಅದನ್ನ ಹೇಳ್ಯಾರ್ರಿ, ದನಿ ತಗ್ಗಸು, ದನಿ ತಗ್ಗಸು ಅಂತ. ಎರಡು ಸಲ ಗೊತ್ತಾದ ಲಗ್ನ ಮುರದಾವು, ಹುಡುಗಿ ದನಿ ಗಂಡಸರ ದನಿ ಆಗೇತಿ ಅಂತ. ತಗ್ಗಸೂದ ಕೆಲಸ ಆಗಿರೋ ನೀವು ಯಾಕ ತಗ್ಗಸಲಿಲ್ಲ?"

"ತಗ್ಗಸಾಕ ಮನಸ್ಸು ಬರಲಿಲ್ಲರಿ" ಎಂದರು ಕಾಕಾ. ಅಷ್ಟು ಹೇಳಲು ಅವರು ಪಟ್ಟ ಪಾಡು ದೇವರಿಗೇ ಪ್ರೀತಿ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ದನಿ ಮತ್ತೆ ಮೊದಲಿನ ಅಳತೆಗೆ ಬಂತು. "ಮುಹೂರ್ತದಾಗಿಂದ ತಗೀರಿ. ಆ ಹುಡುಗೀ ಲಗ್ನ ಅದು, ನಗಿಚಾಟಿಕಿ ಅಲ್ಲ. ಊಟದ ಕಡೆ ಬೇಕಾದ್ರ ಇಡ್ರಿ, ಅಲ್ಲಿ ನನ್ನ ದನಿ ಇರಬೇಕಾದ್ದ."

ಕಾಕಾ ಹೇಳಿದಂತೆ ಮಾಡಿದರು. ಆಕೆ ಬಾಗಿಲವರೆಗೆ ಹೋದರು. ನಾನು ಕಾಕಾರ ಬೆನ್ನಿಗೆ ಗುದ್ದಿದೆ. ಗುದ್ದಿನ ರಭಸಕ್ಕೆ ಮಾತು ಹೊರಬಿತ್ತು. "ಚಾ... ಚಾ ಕುಡದು ಹೋಗ್ರಿ!"

ಆಕೆ ತಿರುಗಿ ನಿಂತರು. "ಒಂದು ಚಾ ಕುಡಸಾಕ ಮಂದೀ ಲಗ್ನ ಕೆಡಸಬೇಕಿತ್ತೇನ್ರಿ?" ಎಂದು ನಕ್ಕರು ನೋಡಿ, ಆ ನಗುವಿಗೆ ಕೆಳಗಿನ ಸೀರೆ ಅಂಗಡಿಯವರು ತಲೆ ಹೊರಗೆ ಹಾಕಿ ಮೇಲೆ ನೋಡಿದರಂತೆ.

ಚಹಾ ಕುಡಿದರು. ಆಮೇಲೆ ಎಷ್ಟು ಚಹಾ ಆದವೋ ಲೆಕ್ಕವಿಟ್ಟವರಿಲ್ಲ. ಹುಡುಗಿಯ ಮನೆಯವರಿಗೆ ಸರಿಮಾಡಿದ ವಿಡಿಯೊ ಕಳಿಸಿದೆವು. ಅಜ್ಜಿ ಮಾತ್ರ ಹಳೆಯದೇ ಚೆನ್ನಾಗಿತ್ತು ಎಂದು ಅದನ್ನು ವಾಪಸ್ ಕೊಡಲೊಪ್ಪಲಿಲ್ಲ. ಬಾಸ್ ಒಂದು ವಾರ ಮುನಿಸಿಕೊಂಡಿದ್ದು, ಮುಂದಿನ ಮದುವೆಯ ದನಿಗಳನ್ನು ಸರಿಮಾಡಲು ಯಾರೂ ಇಲ್ಲವೆಂದು ಕಂಡು ಸುಮ್ಮನಾದರು.

ಅದೇ ವರ್ಷ ಕೂಕಟ್‌ಪಲ್ಲಿಯ ಒಂದು ಚಿಕ್ಕ ಹಾಲಿನಲ್ಲಿ ಕಾಕಾರ ಮದುವೆ. ಅಡುಗೆ ಯಾರದು ಎಂದು ಕೇಳುವುದೇ ಬೇಡ. "ನನ್ನ ಲಗ್ನದ ಊಟ ಇನ್ನೊಬ್ಬರ ಕೈಯಾಗ ಕೊಡಂಗಿಲ್ಲ" ಎಂದು ಮದುಮಗಳೇ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಗ್ಗರಣೆ ನೋಡಿ ಬಂದು, ಆಮೇಲೆ ಬಾಸಿಂಗ ಕಟ್ಟಿಸಿಕೊಂಡಿದ್ದರು. ನಾನು ಹೆಡ್‌ಫೋನು ಹಾಕಿಕೊಂಡು ದನಿಯ ಉಸ್ತುವಾರಿಗೆ ನಿಂತಿದ್ದೆ. ಮುಹೂರ್ತ ಬಂತು. ಪುರೋಹಿತರು ತಾಳಿ ಕೈಗೆ ಕೊಟ್ಟರು, ವಾಲಗ ಏರಿತು, ನಾವೆಲ್ಲ ಅಕ್ಷತೆ ಹಿಡಿದು ಕೈ ಎತ್ತಿದೆವು. ಕಾಕಾ ತಾಳಿ ಹಿಡಿದು ಮುಂದೆ ಬಗ್ಗಿದರು.

ಸರಿಯಾಗಿ ಆಗಲೇ ಆಕೆಯ ಕಣ್ಣು ಊಟದ ಮನೆಯ ಬಾಗಿಲ ಕಡೆ ಹೋಯಿತು. "ಏ ತಮ್ಮಾ! ಡ್ರೈವರ್ ಮಂದಿ ಆಗಿಂದ ಖಾಲಿ ಎಲಿ ಮುಂದ ಕುಂತಾರ, ಯಾರ ಬಡಸಬೇಕು ಅವರಿಗೆ?"

"ವೈನಿ, ದನಿ ತಗ್ಗಸ್ರಿ, ಮುಹೂರ್ತ ಐತಿ!" ಎಂದು ಹಿಂದಿನಿಂದ ಯಾರೋ ಸೆರಗು ಎಳೆದರು. ಆಕೆ ತಟ್ಟನೆ ಬಾಯಿ ಮುಚ್ಚಿ ತಲೆ ತಗ್ಗಿಸಿದರು. ಬಾಸಿಂಗ ಒಂದು ಕಡೆ ವಾಲಿತು.

ಕಾಕಾ ತಾಳಿಯನ್ನು ಕೆಳಗಿಳಿಸಿದರು. ಇನ್ನೊಂದು ಕೈ ಎತ್ತಿ ವಾಲಗದವರನ್ನು ನಿಲ್ಲಿಸಿದರು. ಪುರೋಹಿತರು ಗಡಿಯಾರ ನೋಡಿಕೊಂಡು, "ಕಟ್ರಿ, ಕಟ್ರಿ, ವ್ಯಾಳ್ಯಾ ದಾಟಾಕತ್ತೈತಿ!" ಎಂದು ಗಾಬರಿಯಾದರು.

"ಜರಾ ತಡೀರಿ ಸ್ವಾಮ್ಯಾರ" ಎಂದರು ಕಾಕಾ. "ಅವರು ಮಾತಾಡಾಕತ್ತಾರ."